ಎಲೆ ಉದುರುವ ಕಾಲದ ವಾರಾಂತ್ಯ: ಗೆಳೆಯರು ಕೂಡಿ ತೋಟ ಮಾಡುವಾಗ ಯಾವ ಕೆಲಸ ಮೊದಲು, ಯಾವುದನ್ನು ಮುಟ್ಟಬಾರದು?

ಅರೆಕಾಲದ ತೋಟಿಗ (ಪ್ರಶ್ನೆ)

ನಾವು ಆರು ಮಂದಿ ಗೆಳೆಯರಿದ್ದೇವೆ. ವಾರದ ಐದು ದಿನ ಎಲ್ಲರಿಗೂ ಬೇರೆ ಬೇರೆ ಉದ್ಯೋಗ. ಮನೆಯ ಹಿಂದೆ ಪ್ರತಿಯೊಬ್ಬರಿಗೂ ಒಂದಿಷ್ಟು ನೆಲವಿದೆ. ಮೂರು ವರ್ಷಗಳಿಂದ ಮುಯ್ಯಾಳಿನ ಲೆಕ್ಕದಲ್ಲಿ ಒಂದೊಂದು ಶನಿವಾರ ಒಬ್ಬೊಬ್ಬರ ತೋಟದಲ್ಲಿ ಸೇರಿ ಕೆಲಸ ಮಾಡುತ್ತ ಬಂದಿದ್ದೇವೆ. ಬೇಸಿಗೆಯಲ್ಲಿ ಈ ಏರ್ಪಾಡು ಸರಾಗವಾಗಿ ನಡೆಯುತ್ತದೆ, ಏಕೆಂದರೆ ಆಗಿನ ಕೆಲಸವೆಲ್ಲ ಕಣ್ಣಿಗೆ ಕಾಣುವಂಥದ್ದು: ಕಳೆ ಕೀಳುವುದು, ನೀರು ಹಾಯಿಸುವುದು, ಬಳ್ಳಿಗೆ ಆಸರೆ ಕಟ್ಟುವುದು. ಇವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಎಲೆ ಉದುರತೊಡಗಿದೊಡನೆ ಲೆಕ್ಕ ತಪ್ಪುತ್ತದೆ. ಒಣಗಿ ನಿಂತ ಗಿಡದ ಬುಡದಲ್ಲಿ ಜೀವವಿರುತ್ತದೆ, ಕಪ್ಪಾಗಿ ಬಾಗಿದ ಹೂವಿನ ತಲೆಯೊಳಗೆ ಮುಂದಿನ ವರ್ಷದ ಬೀಜವಿರುತ್ತದೆ, ಮತ್ತು ಇದೆಲ್ಲ ತೋಟದ ಒಡೆಯನೊಬ್ಬನಿಗೇ ಗೊತ್ತಿರುತ್ತದೆ.

ಕಳೆದ ಶನಿವಾರ ನನ್ನ ತೋಟದ ಸರದಿಯಿತ್ತು. ಹಿಂದಿನ ರಾತ್ರಿಯ ಮೊದಲ ಕಡುಚಳಿಗೆ ಡೇಲಿಯಾ ಗಿಡಗಳ ಎಲೆಗಳೆಲ್ಲ ಬೆಂದಂತೆ ಕಪ್ಪಾಗಿದ್ದವು; ಗೆಡ್ಡೆಗಳನ್ನು ಅಗೆದು ಒಳಗಿಡುವುದೇ ಅಂದಿನ ಮುಖ್ಯ ಕೆಲಸವಾಗಿತ್ತು. ನಾನು ಸಾಮಾನಿನ ಕೋಣೆಯಲ್ಲಿ ಸಡಿಲವಾಗಿದ್ದ ಗುದ್ದಲಿಯ ಕಾವಿಗೆ ಬೆಣೆ ಹೊಡೆಯುತ್ತ ಕುಳಿತಿದ್ದೆ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದು ನೋಡಿದರೆ, ಗೆಳೆಯರೊಬ್ಬರು ನಾಲ್ಕು ಬಣ್ಣದ ಡೇಲಿಯಾಗಳ ಒಂಬತ್ತು ಬುಡಗಳನ್ನೂ ಅಗೆದು, ಒಂದೊಂದು ಗೆಡ್ಡೆಯನ್ನೂ ಗೊಂಚಲಿನಿಂದ ಮುರಿದು, ನಲ್ಲಿಯ ಕೆಳಗೆ ತೊಳೆದು, ಗೋಣಿಚೀಲದ ಮೇಲೆ ಆಲೂಗೆಡ್ಡೆಯಂತೆ ಸಾಲಾಗಿ ಹರಡಿದ್ದರು. ಒಂದು ಚೂರು ಮಣ್ಣೂ ಉಳಿದಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ಕಂಡು ಬೈಯಲು ಬಾಯಿ ಬರಲಿಲ್ಲ. ಬಣ್ಣದ ಹೆಸರು ಬರೆದ ಚೀಟಿಗಳನ್ನು ನಾನು ಕಾಂಡಗಳಿಗೆ ಕಟ್ಟಿದ್ದೆ. ಆ ಕಾಂಡಗಳು ಚೀಟಿಗಳ ಸಮೇತ ಗೊಬ್ಬರದ ರಾಶಿ ಸೇರಿದ್ದವು. ಬೀಜಕ್ಕೆಂದು ಬಿಟ್ಟಿದ್ದ ಚೆಂಡುಹೂವಿನ ಒಣತಲೆಗಳನ್ನು ಇನ್ನೊಬ್ಬ ಗೆಳತಿ ಕತ್ತರಿಸಿ ಅದೇ ರಾಶಿಗೆ ಹಾಕಿದ್ದರು.

ಎಲೆಗಳ ವಿಷಯದಲ್ಲಂತೂ ನಮ್ಮಲ್ಲಿ ಎರಡು ಪಂಗಡಗಳೇ ಆಗಿವೆ. ಒಂದು ಪಂಗಡಕ್ಕೆ ಸಂಜೆಯ ಹೊತ್ತಿಗೆ ತೋಟ ಗುಡಿಸಿಟ್ಟ ಅಂಗಳದಂತೆ ಕಾಣಬೇಕು. ಇನ್ನೊಂದು ಪಂಗಡ, ಬಿದ್ದ ಎಲೆಯನ್ನು ಬಿದ್ದಲ್ಲೇ ಬಿಡಬೇಕು, ಕಾಡಿನಲ್ಲಿ ಯಾರು ಗುಡಿಸುತ್ತಾರೆ ಎಂದು ಕೇಳುತ್ತದೆ. ಕಳೆದ ವಾರ ಈ ವಾದದಲ್ಲೇ ಒಂದು ಗಂಟೆ ಹೋಯಿತು, ಅಷ್ಟರಲ್ಲಿ ಕತ್ತಲಾಯಿತು.

ಹಾಗಾಗಿ ತಿಳಿದವರಲ್ಲಿ ನನ್ನ ವಿನಂತಿ ಇಷ್ಟು. ಬಿಡಿಸಿ ತೊಳೆದ ಆ ಗೆಡ್ಡೆಗಳು ಮುಂದಿನ ವರ್ಷ ಚಿಗುರುತ್ತವೆಯೇ? ದಿನ ಕಿರಿದಾಗುತ್ತಿರುವ ಈ ವಾರಾಂತ್ಯಗಳಲ್ಲಿ ಯಾವ ಕೆಲಸವನ್ನು ಮೊದಲು ಹಿಡಿಯಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು? ಎಲೆಯ ಜಗಳಕ್ಕೆ ಎರಡೂ ಕಡೆಯವರು ಒಪ್ಪುವಂತಹ ತೀರ್ಮಾನವೇನಾದರೂ ಇದೆಯೇ?


ಗೆಡ್ಡೆಗಣ್ಣು

ಮೊದಲು ಗೆಡ್ಡೆಗಳ ಮಾತು ಮುಗಿಸುತ್ತೇನೆ. ನಿಮ್ಮ ಗೆಳೆಯರು ಮಾಡಿದ ತಪ್ಪು ಬಹಳ ಸಹಜವಾದದ್ದು, ಏಕೆಂದರೆ ಆಲೂಗೆಡ್ಡೆಯೂ ಡೇಲಿಯಾ ಗೆಡ್ಡೆಯೂ ನೋಡಲು ಒಂದೇ ಕುಲದವಂತೆ ಕಂಡರೂ ಹುಟ್ಟಿನಿಂದಲೇ ಬೇರೆ. ಆಲೂಗೆಡ್ಡೆ ನೆಲದೊಳಗೆ ಊದಿಕೊಂಡ ಕಾಂಡ. ಕಾಂಡವಾದ್ದರಿಂದ ಅದರ ಮೈತುಂಬ ಚಿಗುರೊಡೆಯುವ ಕಣ್ಣುಗಳಿರುತ್ತವೆ, ಯಾವ ತುಂಡನ್ನು ನೆಟ್ಟರೂ ಒಂದು ಕಣ್ಣಿದ್ದರೆ ಸಾಕು. ಡೇಲಿಯಾದ ಗೆಡ್ಡೆ ಊದಿಕೊಂಡ ಬೇರು. ಅದರ ಮೈಯಲ್ಲಿ ಎಲ್ಲೂ ಕಣ್ಣಿರುವುದಿಲ್ಲ. ಗೆಡ್ಡೆಯ ಕುತ್ತಿಗೆ ಹಳೆಯ ಕಾಂಡದ ಬುಡವನ್ನು ಕೂಡುವ ಜಾಗದಲ್ಲಿ, ಬೆರಳಗಲದ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಕುತ್ತಿಗೆಯಲ್ಲಿ ಮುರಿದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಅದು ಕುರುಡು. ಮಣ್ಣಿಗೆ ಹಾಕಿದರೆ ಬೇರು ಬಿಟ್ಟೀತು, ಚಿಗುರನ್ನು ಮಾತ್ರ ಬಿಡದು.

ಹಾಗೆಂದು ಎಲ್ಲವನ್ನೂ ಎಸೆಯಬೇಡಿ. ಅವಸರದಲ್ಲಿ ಮುರಿಯುವಾಗ ಕೆಲವು ಗೆಡ್ಡೆಗಳಿಗೆ ಕಾಂಡದ ಬುಡದ ಚೂರು ಅಂಟಿಕೊಂಡೇ ಬಂದಿರುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು, ಮೇಲ್ತುದಿಯಲ್ಲಿ ಒರಟಾದ ಕಂದು ತೊಗಟೆಯಂತಹ ಭಾಗವಿದೆಯೇ ಎಂದು ನೋಡಿ. ಈ ಕಾಲದಲ್ಲಿ ಕಣ್ಣು ಗುಂಡುಸೂಜಿಯ ತಲೆಯಷ್ಟೂ ಇರುವುದಿಲ್ಲ, ಕೆಲವೊಮ್ಮೆ ಕಾಣುವುದೇ ಇಲ್ಲ. ಆದುದರಿಂದ ಬುಡದ ಚೂರಿರುವುದನ್ನೆಲ್ಲ ಇಟ್ಟುಕೊಂಡು, ವಸಂತದಲ್ಲಿ ಬೆಚ್ಚಗಿನ ಜಾಗಕ್ಕೆ ತಂದಾಗ ಊದುವ ಕಣ್ಣುಗಳನ್ನು ನೋಡಿ ಆರಿಸುವುದು ಸುರಕ್ಷಿತ. ಗಾಯದ ಬಾಯಿ ಒಣಗಿದ ಮೇಲೆ, ಸ್ವಲ್ಪವೇ ಪಸೆಯಿರುವ ಗರಗಸದ ಹೊಟ್ಟಿನಲ್ಲಿ ಹುದುಗಿಸಿ, 4ರಿಂದ 10 ಡಿಗ್ರಿ ಸೆಲ್ಸಿಯಸ್ ಒಳಗಿನ ಕತ್ತಲೆಯ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ತೆಗೆದುಬಿಡಿ, ಸುಕ್ಕುಗಟ್ಟಿದರೆ ನೀರು ಚಿಮುಕಿಸಿ. ಬಣ್ಣಗಳನ್ನು ಈಗ ಪತ್ತೆಮಾಡಲು ಸಾಧ್ಯವಿಲ್ಲ, ಹೂ ಬಿಡುವವರೆಗೆ ಕಾಯಲೇಬೇಕು. ಮುಂದಿನ ಬಾರಿ ಹೆಸರನ್ನು ಚೀಟಿಯಲ್ಲಿ ಬರೆಯುವ ಬದಲು ಅಳಿಸದ ಶಾಯಿಯ ಪೆನ್ನಿನಿಂದ ಗೆಡ್ಡೆಯ ಮೈಮೇಲೆಯೇ ಬರೆಯಿರಿ. ಅದು ಗೊಬ್ಬರದ ರಾಶಿಗೆ ಹೋಗಬೇಕಾದರೆ ಗೆಡ್ಡೆಯೂ ಜೊತೆಗೇ ಹೋಗಬೇಕಾಗುತ್ತದೆ. ಇನ್ನೊಂದು ಮಾತು: ನೆಲ ಹೆಪ್ಪುಗಟ್ಟದ, ನೀರೂ ನಿಲ್ಲದ ತೋಟವಾದರೆ ಡೇಲಿಯಾವನ್ನು ಅಗೆಯುವ ಅಗತ್ಯವೇ ಇಲ್ಲ, ಬುಡಕ್ಕೆ ದಪ್ಪ ಹೊದಿಕೆ ಕೊಟ್ಟರೆ ಸಾಕು.

ಇನ್ನು ಕೆಲಸಗಳ ಸರದಿ. ಹಗಲೂ ಇರುಳೂ ಸಮನಾಗುವ ಶರತ್ಕಾಲದ ಸಮರಾತ್ರಿಯ ಆಸುಪಾಸಿನಲ್ಲಿ ಹಗಲು ಕುಗ್ಗುವ ವೇಗ ವರ್ಷದಲ್ಲೇ ಅತಿ ಹೆಚ್ಚು. ಭೂಮಧ್ಯರೇಖೆಯಿಂದ 50 ಡಿಗ್ರಿ ಅಕ್ಷಾಂಶದಷ್ಟು ದೂರವಿದ್ದರೆ ಒಂದು ಶನಿವಾರದಿಂದ ಮುಂದಿನ ಶನಿವಾರಕ್ಕೆ ಸುಮಾರು 25 ನಿಮಿಷ ಹಗಲು ಕೈತಪ್ಪುತ್ತದೆ. ರೇಖೆಗೆ ಹತ್ತಿರವಾದಷ್ಟೂ ಇದು ಕಡಿಮೆ. ನಾಲ್ಕು ವಾರ ತಡಮಾಡಿದರೆ ಒಂದೂವರೆ ಗಂಟೆಗೂ ಹೆಚ್ಚಿನ ಕೆಲಸ ಹೋದಂತೆ. ಆದುದರಿಂದ ನಮ್ಮ ಗುಂಪಿನಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ಇದನ್ನು ಇಂದು ಬಿಟ್ಟರೆ ಮುಂದಿನ ಶನಿವಾರ ಮಾಡಲು ಸಿಗುತ್ತದೆಯೇ?

ಬೀಜ ಸಿಗುವುದಿಲ್ಲ. ಒಂದು ಮಳೆ ಬಂದರೆ ಒಣಗಿದ ಕಾಯಿಯೊಳಗೇ ಬೂಷ್ಟು ಹಿಡಿಯುತ್ತದೆ ಅಥವಾ ಮೊಳೆತುಬಿಡುತ್ತದೆ, ಆದ್ದರಿಂದ ಇಬ್ಬನಿ ಆರಿದ ಮೇಲಿನ ಒಣಹೊತ್ತು ಬೀಜಕ್ಕೇ ಮೀಸಲು. ಚಳಿ ತಾಳದ ಕುಂಡದ ಗಿಡಗಳೂ ಕಾಯುವುದಿಲ್ಲ. ಹೊಸ ಪೊದೆ, ಮರಗಳನ್ನು ನೆಡುವುದಿದ್ದರೆ ಆದಷ್ಟು ಬೇಗ ನೆಡಬೇಕು, ಏಕೆಂದರೆ ಗಾಳಿ ತಣ್ಣಗಾದ ಮೇಲೂ ಮಣ್ಣು ಹಲವು ವಾರ ಬೇಸಿಗೆಯ ಕಾವನ್ನು ಹಿಡಿದಿಟ್ಟಿರುತ್ತದೆ. ಎಲೆಯ ಹೊರೆಯಿಲ್ಲದ ಗಿಡ ಆ ಕಾವಿನಲ್ಲಿ ಬೇರನ್ನಷ್ಟೇ ಬೆಳೆಸಿಕೊಳ್ಳುತ್ತದೆ. ಬೆಳ್ಳುಳ್ಳಿಯ ಎಸಳುಗಳನ್ನು ಮೊನೆ ಮೇಲಾಗಿ, 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಈ ಕಾಲದಲ್ಲೇ ಊರಬೇಕು, ಏಕೆಂದರೆ ಚಳಿ ತಗಲದ ಬೆಳ್ಳುಳ್ಳಿ ಎಷ್ಟೋ ಸಲ ಎಸಳೊಡೆಯದೆ ಒಂಟಿ ಗುಂಡಾಗಿ ಉಳಿದುಬಿಡುತ್ತದೆ. ಟ್ಯುಲಿಪ್ ಗೆಡ್ಡೆಗಳಿಗೆ ಮಾತ್ರ ಅವಸರ ಬೇಡ. ನೆಲ ಚೆನ್ನಾಗಿ ತಣ್ಣಗಾದ ಮೇಲೆ, ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳದಲ್ಲಿ ಊರಿದರೆ ಬೂಷ್ಟುರೋಗದ ಕಾಟ ಕಡಿಮೆ. ಎಲೆಯ ಕೆಲಸ ಎಲ್ಲಕ್ಕಿಂತ ಕೊನೆಗೆ. ಮರ ಬೋಳಾಗುವ ಮುನ್ನ ಗುಡಿಸಿದವರು ಮೂರು ಸಲ ಗುಡಿಸುತ್ತಾರೆ.

ಮುಟ್ಟಬಾರದ್ದರ ಬಗ್ಗೆ ನಮ್ಮಲ್ಲಿರುವ ಕಟ್ಟಳೆ ಒಂದೇ. ಯಾರ ತೋಟವೋ ಅವರು ಮೊದಲ ಕಾಲು ಗಂಟೆ ಎಲ್ಲರನ್ನೂ ಕರೆದುಕೊಂಡು ಒಂದು ಸುತ್ತು ಬರಬೇಕು, ಮುಟ್ಟಬಾರದ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಬೇಕು, ಆ ಸುತ್ತು ಮುಗಿಯುವವರೆಗೆ ಯಾರ ಕೈಯಲ್ಲೂ ಕತ್ತರಿ ಇರಬಾರದು. ಅಂದು ನೀವು ಬೆಣೆ ಹೊಡೆಯುತ್ತ ಕುಳಿತದ್ದೇ ತಪ್ಪಾಯಿತು ಎಂದರೆ ಬೇಸರಿಸಬೇಡಿ. ಗುದ್ದಲಿಯ ಕಾವನ್ನು ಶುಕ್ರವಾರ ರಾತ್ರಿಯೇ ಸರಿಪಡಿಸಬಹುದಿತ್ತು.


ತರಗೆಲೆ

ಎಲೆಯ ಜಗಳದಲ್ಲಿ ಎರಡೂ ಪಂಗಡದವರು ತೋಟದ ಬೇರೆ ಬೇರೆ ಮೂಲೆಯಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂದು ನನಗನಿಸುತ್ತದೆ. ಎಲೆ ಎಲ್ಲಿ ಬಿದ್ದಿದೆ, ಯಾವ ಗಿಡದ ಎಲೆ ಎಂದು ಕೇಳದೆ ಗುಡಿಸಬೇಕೋ ಬಿಡಬೇಕೋ ಎಂದು ಹೇಳಲಾಗದು.

ಹುಲ್ಲುಹಾಸಿನ ಮೇಲೆ ದಪ್ಪಗೆ ಬಿದ್ದ ಎಲೆಯನ್ನು ತೆಗೆಯಲೇಬೇಕು. ಒದ್ದೆಯಾದ ಎಲೆಗಳು ಒಂದಕ್ಕೊಂದು ಅಂಟಿ ಚಾಪೆಯಂತಾಗಿ ಅಡಿಯ ಹುಲ್ಲು ಬೆಳಕಿಲ್ಲದೆ ಬಿಳಿಚಿಕೊಂಡು ಕೊಳೆಯುತ್ತದೆ. ತೆಳ್ಳಗೆ ಬಿದ್ದಿದ್ದರೆ ಹುಲ್ಲು ಕತ್ತರಿಸುವ ಯಂತ್ರವನ್ನು ಅದರ ಮೇಲೆಯೇ ಓಡಿಸಿ, ಚೂರಾಗಿ ಬುಡಕ್ಕಿಳಿಯುತ್ತದೆ. ನಡೆದಾಡುವ ಹಾದಿಯ ಎಲೆಯನ್ನೂ ತೆಗೆಯಿರಿ, ಜಾರಿ ಬಿದ್ದವರಿಗೆ ಮುಂದಿನ ಶನಿವಾರವಿರುವುದಿಲ್ಲ. ಸೇಬಿನ ಮರದ ಎಲೆಯಲ್ಲಿ ಕಜ್ಜಿರೋಗದ ಕಲೆಯಿದ್ದರೆ ಅಥವಾ ಗುಲಾಬಿಯ ಎಲೆಯಲ್ಲಿ ಕಪ್ಪುಚುಕ್ಕೆಯಿದ್ದರೆ ಒಂದೆಲೆಯನ್ನೂ ಬುಡದಲ್ಲಿ ಉಳಿಸಬಾರದು, ಏಕೆಂದರೆ ಆ ಶಿಲೀಂಧ್ರಗಳು ಬಿದ್ದ ಎಲೆಯಲ್ಲೇ ಚಳಿಗಾಲ ಕಳೆದು ವಸಂತದ ಮಳೆಯಲ್ಲಿ ಹೊಸ ಚಿಗುರಿಗೆ ಹಾರುತ್ತವೆ. ಇವಿಷ್ಟರಲ್ಲಿ ಗುಡಿಸುವ ಪಂಗಡದ್ದೇ ಸರಿ.

ಆದರೆ ಪೊದೆಗಳ ಅಡಿಯಲ್ಲಿ, ಬೇಲಿಯ ಬುಡದಲ್ಲಿ, ಖಾಲಿಯಾದ ಪಾತಿಗಳ ಮೇಲೆ ಬಿದ್ದ ಎಲೆಯನ್ನು ತೆಗೆದರೆ ನಿಮ್ಮ ಗೊಬ್ಬರವನ್ನು ನೀವೇ ಹೊರಗೆ ಎಸೆದಂತೆ. ಅಲ್ಲಿ ಪತಂಗಗಳ ಕೋಶಗಳೂ, ಸಸ್ಯಹೇನು ತಿನ್ನುವ ಕೀಟಗಳೂ ಅಡಗಿ ಕೂತಿರುತ್ತವೆ. ಎರೆಹುಳುಗಳು ಆ ಎಲೆಯನ್ನು ರಾತ್ರಿಯಿಡೀ ಒಳಕ್ಕೆ ಎಳೆಯುತ್ತಿರುತ್ತವೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಹುಳುಗಳು ಎಲೆಯನ್ನು ಬಿಲದೊಳಗೆ ಎಳೆಯುವಾಗ ಹೆಚ್ಚಾಗಿ ಕಿರಿದಾದ ತುದಿಯನ್ನೇ ಹಿಡಿಯುತ್ತವೆ ಎಂಬುದನ್ನು ಎಣಿಸಿ ನೋಡಿದ್ದಾರೆ. ಎಲೆ ಸಾಲದೆಂದು ಕಾಗದವನ್ನು ತ್ರಿಕೋನಾಕಾರದಲ್ಲಿ ಕತ್ತರಿಸಿ ಅವುಗಳ ಮುಂದಿಟ್ಟೂ ಪರೀಕ್ಷಿಸಿದ್ದಾರೆ. ನೀವೂ ಭಾನುವಾರ ಬೆಳಗ್ಗೆ ಪಾತಿಯ ಬಳಿ ಬಗ್ಗಿ ನೋಡಿ: ಅಲ್ಲಲ್ಲಿ ಎಲೆಗಳು ಚುಟ್ಟಾದಂತೆ ಸುತ್ತಿಕೊಂಡು, ತೊಟ್ಟು ಮೇಲಾಗಿ ನೆಲದಿಂದ ನೆಟ್ಟಗೆ ನಿಂತಿರುತ್ತವೆ. ಅವನ್ನು ಯಾರೂ ನೆಟ್ಟಿಲ್ಲ.

ತೆಗೆದ ಎಲೆಯನ್ನು ಏನು ಮಾಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲವನ್ನೂ ಗೊಬ್ಬರದ ರಾಶಿಗೆ ಸುರಿದು, ಆರು ತಿಂಗಳ ಮೇಲೆ ಕೆದಕಿ, ಹಾಕಿದ ಎಲೆ ಹಾಕಿದಂತೆಯೇ ಇರುವುದನ್ನು ಕಂಡು ಬೇಸರಗೊಳ್ಳುತ್ತಾರೆ. ಮರ ಎಲೆಯನ್ನು ಸುಮ್ಮನೆ ಬಿಡುವುದಿಲ್ಲ. ಬಿಡುವ ಮುನ್ನ ಎಲೆಯ ಹಸಿರನ್ನು ಒಡೆದು, ಅದರಲ್ಲಿದ್ದ ಸಾರಜನಕದಲ್ಲಿ ಸುಮಾರು ಅರ್ಧದಷ್ಟನ್ನು ರೆಂಬೆಗೆ ಹಿಂತೆಗೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಒಳಗೆ ಮೊದಲಿನಿಂದಲೂ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಸಡಿಲ ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ. ಹೀಗಾಗಿ ನಮ್ಮ ಕೈಗೆ ಸಿಗುವುದು ಇಂಗಾಲ ತುಂಬಿದ, ಸಾರಜನಕ ಬತ್ತಿದ ಎಲೆ. ರಾಶಿ ಬಿಸಿಯೇರಬೇಕಾದರೆ ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು. ತರಗೆಲೆಯಲ್ಲಿ ಅದು ಮರವನ್ನು ನೋಡಿಕೊಂಡು 40ರಿಂದ 80 ಪಾಲಿನವರೆಗೆ ಇರುತ್ತದೆ, ಹಸಿ ಹುಲ್ಲಿನ ಕತ್ತರಿಕೆಯಲ್ಲಿ 15ರಿಂದ 20 ಇರುತ್ತದೆ. ಎರಡನ್ನೂ ಬೆರೆಸಿ, ಉದ್ದ ಅಗಲ ಎತ್ತರ ತಲಾ ಒಂದು ಮೀಟರಿಗೆ ಕಡಿಮೆಯಾಗದಂತೆ ಒಟ್ಟಿದರೆ ಕೆಲವೇ ದಿನಗಳಲ್ಲಿ ನಡುಭಾಗ 55ರಿಂದ 65 ಡಿಗ್ರಿ ಮುಟ್ಟುತ್ತದೆ. ಮಗುಚಿದಾಗ ಹಬೆಯೆದ್ದರೆ ಸರಿಯಾಗಿ ಒಟ್ಟಿದ್ದೀರಿ ಎಂದರ್ಥ. ಕಳೆಯ ಬೀಜ ಸಾಯುವುದು ಆ ಶಾಖದಲ್ಲಿ. ಆದುದರಿಂದ ಹೊರಗಿನ ತಣ್ಣನೆಯ ಅಂಚನ್ನು ಒಳಕ್ಕೆ ಹಾಕಿ ಮಗುಚುವುದು ಅಗತ್ಯ. ಕೃಷಿವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ರೂಪಿಸಿದ ಗೊಬ್ಬರದ ವಿಧಾನದ ತಿರುಳೂ ಈ ಬೆರಕೆ ಮತ್ತು ಮಗುಚುವಿಕೆಯೇ.

ಹಸಿ ಹುಲ್ಲು ಸಿಗದಿದ್ದರೆ ಬಿಸಿ ರಾಶಿಯ ಆಸೆಯನ್ನು ಬಿಟ್ಟು, ಎಲೆಗೇ ಬೇರೆ ಗೂಡು ಮಾಡಿ. ನಾಲ್ಕು ಗೂಟ, ಸುತ್ತಲೂ ತಂತಿಬಲೆ, ಅದರೊಳಗೆ ಒದ್ದೆ ಎಲೆ, ಅಷ್ಟೇ. ಇಲ್ಲಿ ಬೆಂಕಿಯ ಕೆಲಸವಿಲ್ಲ, ಶಿಲೀಂಧ್ರದ ಕೆಲಸ. ಬಿಳಿ ನೂಲಿನಂತೆ ಹಬ್ಬಿ ಒಂದರಿಂದ ಎರಡು ವರ್ಷದಲ್ಲಿ ಎಲೆಯನ್ನು ಕಪ್ಪು ಪುಡಿಯಾಗಿಸುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚಿಲ್ಲ, ನೀರು ಹಿಡಿದಿಡುವ ಶಕ್ತಿ ಮಾತ್ರ ಬೇರಾವ ಗೊಬ್ಬರಕ್ಕೂ ಕಡಿಮೆಯಿಲ್ಲ, ಬೀಜ ಮೊಳೆಸಲು ಜರಡಿ ಹಿಡಿದು ಬಳಸಬಹುದು. ದಪ್ಪ ತೊಗಲಿನಂತಹ ಎಲೆಗಳಾದರೆ ಚೂರು ಮಾಡಿ ಹಾಕಿ, ಇಲ್ಲವಾದರೆ ಮೂರನೆಯ ವರ್ಷವೂ ಕಾಯಬೇಕಾದೀತು. ಗುಡಿಸುವ ಪಂಗಡದವರು ಹುಲ್ಲುಹಾಸು, ಹಾದಿಗಳನ್ನು ಗುಡಿಸಿ ಗೂಡು ತುಂಬಲಿ, ಬಿಡುವ ಪಂಗಡದವರು ಪೊದೆಗಳ ಅಡಿಯನ್ನು ಕಾಯಲಿ. ಇಬ್ಬರಿಗೂ ಸಂಜೆಯವರೆಗೆ ಕೆಲಸವಿದೆ.


ಕಟ್ಟೆಯ ಮೇಲೆ ಕೂತವ

ಮೇಲಿನ ಉತ್ತರಗಳು ಸರಿಯಾಗಿಯೇ ಇವೆ, ಆದರೆ ಓದುತ್ತಿದ್ದಂತೆ ನನಗೆ ಸುಸ್ತಾಯಿತು. ಕೆಂಪು ಬಟ್ಟೆ, ಸುತ್ತು, ಸರದಿ, ಪಂಗಡಕ್ಕೊಂದು ಪಾಳಿ ಎಂದರೆ ಇದು ವಾರಾಂತ್ಯವೋ ಆರನೆಯ ಕೆಲಸದ ದಿನವೋ? ನಮ್ಮ ಗೆಳೆಯರ ಬಳಗದಲ್ಲಿ ಅರ್ಧ ಹೊತ್ತು ಕಟ್ಟೆಯ ಮೇಲೆ ಕೂತು ಮಾತಾಡುತ್ತೇವೆ, ಉಳಿದರ್ಧ ಹೊತ್ತು ಕೆಲಸ ಮಾಡುತ್ತೇವೆ, ಹದಿನಾಲ್ಕು ವರ್ಷಗಳಲ್ಲಿ ಯಾರ ತೋಟವೂ ಹಾಳಾಗಿಲ್ಲ.

ಸೋಮಾರಿತನಕ್ಕೂ ಕಾರಣ ಕೊಡಬಲ್ಲೆ. ಒಣಗಿ ನಿಂತ ಟೊಳ್ಳು ಕಾಂಡಗಳಲ್ಲಿ ಒಂಟಿಜೇನುಗಳ ಮರಿಗಳು ಚಳಿಗಾಲ ಕಳೆಯುತ್ತವೆ; ಕಾಂಡವನ್ನು ಈಗ ಬುಡಸಮೇತ ಕತ್ತರಿಸಿದವರು ಆ ಮನೆಯನ್ನೂ ಕತ್ತರಿಸುತ್ತಾರೆ. ವಸಂತದವರೆಗೆ ಬಿಟ್ಟು, ಆಮೇಲೂ ಮೊಳದುದ್ದದ ಮೋಟನ್ನು ಉಳಿಸಿದರೆ ಹೊಸ ಜೇನುಗಳು ಬಂದು ಗೂಡು ಕಟ್ಟುತ್ತವೆ. ಇನ್ನು ಮಳೆಯ ಮರುದಿನ ಆರು ಮಂದಿ ಹನ್ನೆರಡು ಕಾಲುಗಳಲ್ಲಿ ಪಾತಿ ತುಳಿದರೆ ಮಣ್ಣು ಅದುಮಿಹೋಗಿ ಬೇರಿಗೆ ಗಾಳಿಯೇ ಸಿಗುವುದಿಲ್ಲ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳಿನಿಂದ ತಟ್ಟಿ ನೋಡಿ: ಉದುರಿದರೆ ಇಳಿಯಿರಿ, ಉಂಡೆಯಾಗಿಯೇ ಉಳಿದರೆ ಕಟ್ಟೆಯ ಮೇಲೆ ಜಾಗವಿದೆ.


ಅರೆಕಾಲದ ತೋಟಿಗ

ಮೂವರಿಗೂ ವಂದನೆಗಳು. ಗೆಡ್ಡೆಗಣ್ಣು ಅವರು ಹೇಳಿದಂತೆ ಬುಧವಾರ ರಾತ್ರಿ ಗೆಡ್ಡೆಗಳನ್ನು ಒಂದೊಂದಾಗಿ ನೋಡಿದೆವು. ‘ನೋಡಿದೆವು’ ಎನ್ನಲು ಕಾರಣ, ತೊಳೆದ ಗೆಳೆಯರೇ ಸುದ್ದಿ ಕೇಳಿ ಭೂತಗನ್ನಡಿಯೊಂದನ್ನು ಹಿಡಿದುಕೊಂಡು ಬಂದಿದ್ದರು. ಒಟ್ಟು 43 ಗೆಡ್ಡೆಗಳಲ್ಲಿ 17ಕ್ಕೆ ಬುಡದ ಚೂರು ಅಂಟಿಕೊಂಡಿತ್ತು. ಅವರು ಒಂದೊಂದನ್ನೂ ದೀಪಕ್ಕೆ ಹಿಡಿದು ‘ಕುರುಡು’, ‘ಕಣ್ಣುಂಟು’ ಎಂದು ಹೇಳುತ್ತಾ ಎರಡು ಬುಟ್ಟಿಗೆ ಹಾಕುತ್ತಿದ್ದರು. ಹತ್ತು ಗೆಡ್ಡೆ ದಾಟುವಷ್ಟರಲ್ಲಿ ನನಗಿಂತ ಅವರ ಕಣ್ಣೇ ಚುರುಕಾಗಿತ್ತು. ಬಣ್ಣ ಗೊತ್ತಿಲ್ಲದ್ದರಿಂದ ಎಲ್ಲದರ ಮೈಮೇಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದೇನೆ. ಗುದ್ದಲಿಯ ಕಾವಿನ ವಿಷಯದಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಎಲೆಯ ತೀರ್ಮಾನವನ್ನೂ ಎಲ್ಲರಿಗೂ ಓದಿ ಹೇಳಿದೆ. ಗುಡಿಸುವ ಪಂಗಡದ ಹಿರಿಯರೊಬ್ಬರು, ‘ಗೂಡು ಕಟ್ಟುವುದಾದರೆ ಸರಿಯಾದ ಚೌಕವಾಗಿ ಕಟ್ಟಬೇಕು’ ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಚೆಂಡುಹೂವಿನ ತಲೆಗಳಲ್ಲಿ ಅರ್ಧದಷ್ಟನ್ನು ರಾಶಿಯಿಂದ ಆರಿಸಿ ತೆಗೆದಿದ್ದೇನೆ, ಆದರೆ ಅವು ಎರಡು ದಿನ ಒದ್ದೆ ಹುಲ್ಲಿನ ನಡುವೆ ಇದ್ದವು. ಬೀಜ ಉಳಿದಿರಬಹುದೇ? ಮುಂದಿನ ತಿಂಗಳು ಒಬ್ಬರಿಗೊಬ್ಬರು ಬೀಜ ಹಂಚಿಕೊಳ್ಳುವ ವಿಚಾರವಿದೆ; ಮೊಳೆಯದ ಬೀಜವನ್ನು ಗೆಳೆಯರಿಗೆ ಕೊಡಲು ಮನಸ್ಸಿಲ್ಲ.


ಬೀಜದ ಡಬ್ಬಿ

ರಾಶಿ ಬಿಸಿಯಾಗಿರದಿದ್ದರೆ ಎರಡು ದಿನದಲ್ಲಿ ಬೀಜ ಸಾಯುವುದಿಲ್ಲ. ಬೂಷ್ಟೇ ನಿಜವಾದ ಶತ್ರು. ತಲೆಗಳನ್ನು ಬಿಡಿಸಿ ಕಾಗದದ ಮೇಲೆ ಒಂದೇ ಪದರವಾಗಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಹರಡಿ. ಬಿಸಿಲಿಗೂ ಒಲೆಯ ಬದಿಗೂ ಇಡಬೇಡಿ. ಚೆಂಡುಹೂವಿನ ಬೀಜ ಕಪ್ಪು ಕಡ್ಡಿಯಂತಿದ್ದು ತುದಿಯಲ್ಲಿ ಬಿಳಿಚಾದ ಕುಚ್ಚಿರುತ್ತದೆ. ಗಟ್ಟಿಯಾದದ್ದು ಉಗುರಿಗೆ ಸಿಗುತ್ತದೆ, ಜೊಳ್ಳು ಬಾಗುತ್ತದೆ. ಒಣಗಿದ ಮೇಲೆ ಮೊರದಲ್ಲಿ ಕೇರಿದರೆ ಜೊಳ್ಳೆಲ್ಲ ಹಾರಿಹೋಗುತ್ತದೆ.

ಹಂಚುವ ಮುನ್ನ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ವಾರ ಹತ್ತು ದಿನದಲ್ಲಿ ಎಂಟು ಮೊಳೆತರೆ ಧೈರ್ಯವಾಗಿ ಕೊಡಬಹುದು, ಐದು ಮೊಳೆತರೆ ‘ಒತ್ತಾಗಿ ಬಿತ್ತಿ’ ಎಂದು ಲಕೋಟೆಯ ಮೇಲೆ ಬರೆದು ಕೊಡಬಹುದು, ಎರಡು ಮೊಳೆತರೆ ನೀವೇ ಇಟ್ಟುಕೊಳ್ಳಿ. ಲಕೋಟೆಯ ಮೇಲೆ ವರ್ಷವನ್ನು ಬರೆಯಲೇಬೇಕು. ಈರುಳ್ಳಿಯ ಬೀಜ ಒಂದೆರಡು ವರ್ಷದಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಟೊಮೆಟೊ ನಾಲ್ಕೈದು ವರ್ಷ ತಾಳುತ್ತದೆ. ಸಿಹಿಗುಂಬಳದ ಬೀಜ ಹಂಚುವವರು ಇನ್ನೊಂದು ಎಚ್ಚರಿಕೆಯನ್ನೂ ಬರೆಯಬೇಕು, ಏಕೆಂದರೆ ಪಕ್ಕದಲ್ಲಿ ಅದೇ ಜಾತಿಯ ಬೇರೆ ತಳಿಯಿದ್ದರೆ ಜೇನು ಎರಡನ್ನೂ ಬೆರೆಸಿಬಿಟ್ಟಿರುತ್ತದೆ, ಮುಂದಿನ ವರ್ಷ ಎಂಥ ಕಾಯಿ ಬರುವುದೋ ಹೇಳಲಾಗದು. ಹುರುಳಿಕಾಯಿಯೂ ಟೊಮೆಟೊವೂ ಹೆಚ್ಚಾಗಿ ತಮ್ಮ ಹೂವಿನ ಪರಾಗದಿಂದಲೇ ಕಾಯಿಗಟ್ಟುವುದರಿಂದ ಅವುಗಳಲ್ಲಿ ಈ ಭಯ ಕಡಿಮೆ. ಟೊಮೆಟೊ ಬೀಜವನ್ನು ಮಾತ್ರ ಅದರ ಲೋಳೆಯ ಸಮೇತ ಎರಡು ಮೂರು ದಿನ ಹುಳಿಯಲು ಬಿಡಿ. ಮೊಳಕೆಯನ್ನು ತಡೆಯುವ ಲೋಳೆ ಕರಗಿ, ಗಟ್ಟಿಬೀಜ ತಳಕ್ಕಿಳಿಯುತ್ತದೆ. ವಾಸನೆಯ ಬಗ್ಗೆ ಮನೆಯವರಿಗೆ ಮೊದಲೇ ಹೇಳಿಡಿ.

ಇಡುವ ವಿಷಯದಲ್ಲಿ ಬೀಜದವರೆಲ್ಲ ಒಪ್ಪುವ ಒಂದು ಅಂದಾಜಿದೆ: ಬೀಜದೊಳಗಿನ ತೇವ ನೂರಕ್ಕೆ ಒಂದು ಪಾಲು ಕಡಿಮೆಯಾದರೆ ಆಯುಸ್ಸು ಇಮ್ಮಡಿ, ಇಟ್ಟ ಜಾಗ 5 ಡಿಗ್ರಿ ತಣ್ಣಗಾದರೆ ಮತ್ತೆ ಇಮ್ಮಡಿ. 2008ರಲ್ಲಿ ತೆರೆದ, ನಾರ್ವೆಯ ಉತ್ತರ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಬೀಜಭಂಡಾರದಲ್ಲಿ ಒಣಗಿಸಿದ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಟ್ಟಿರುವುದು ಈ ಲೆಕ್ಕದ ಮೇಲೆಯೇ. ನಮಗೆ ಫ್ರಿಜ್ಜಿನ ಒಂದು ಮೂಲೆ, ಬಿಗಿ ಮುಚ್ಚಳದ ಗಾಜಿನ ಡಬ್ಬಿ ಸಾಕು. ಹೊರಗೆ ತೆಗೆದಾಗ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ಗಾಳಿಯ ತೇವವೆಲ್ಲ ತಣ್ಣನೆಯ ಬೀಜದ ಮೇಲೆ ಹನಿಯಾಗಿ ಕೂರುತ್ತದೆ.


ನಲ್ಲಿಯ ಗೆಳೆಯ

ಗೆಡ್ಡೆ ತೊಳೆದವನು ನಾನೇ. ಇಷ್ಟು ದೀರ್ಘವಾಗಿ ನನ್ನ ವಿಚಾರಣೆ ನಡೆದಿದೆ ಎಂದು ತಿಳಿದು ಓದಲು ಬಂದೆ. ನನ್ನ ಪರವಾಗಿ ಹೇಳಿಕೊಳ್ಳುವುದು ಇಷ್ಟೇ: ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದ ಗೆಡ್ಡೆಯೆಂದರೆ ಆಲೂಗೆಡ್ಡೆಯೊಂದೇ, ಅದನ್ನು ಅಗೆದ ಮೇಲೆ ಬಿಡಿಸುವುದೇ ಕ್ರಮ. ಕುರುಡಾದ 26 ಗೆಡ್ಡೆಗಳನ್ನು ನಾನು ಮನೆಗೆ ತಂದು ಒಂದು ಕುಂಡದಲ್ಲಿ ಹೂತಿದ್ದೇನೆ. ಚಿಗುರದೆಂದು ಎಲ್ಲರೂ ಹೇಳಿದ್ದೀರಿ. ಆದರೂ ಒಂದು ಕುಂಡ ಮಣ್ಣು ವ್ಯರ್ಥವಾದರೆ ಆಗಲಿ.

ಈ ಶನಿವಾರ ನನ್ನ ತೋಟದ ಸರದಿ. ಹಳೆಯ ಅಂಗಿಯೊಂದನ್ನು ಹರಿದು ಮೂವತ್ತು ಕೆಂಪು ಚೂರುಗಳನ್ನು ಮಾಡಿಟ್ಟಿದ್ದೇನೆ, ಗೂಟಗಳೂ ತಂತಿಬಲೆಯೂ ಸಿದ್ಧವಾಗಿವೆ. ಆದರೆ ಶುಕ್ರವಾರ ರಾತ್ರಿ ಮಳೆಯಾಗುವ ಸೂಚನೆಯಿದೆ. ಬೆಳಗ್ಗೆ ಮುಷ್ಟಿಯಲ್ಲಿ ಹಿಂಡಿದ ಮಣ್ಣು ಉದುರದಿದ್ದರೆ ಪಾತಿಗೆ ಯಾರೂ ಇಳಿಯುವುದು ಬೇಡ. ಸಾಮಾನಿನ ಕೋಣೆಯಲ್ಲಿ ಕೂತು ಹುರುಳಿಕಾಯಿಯ ಬೀಜ ಬಿಡಿಸೋಣ, ಗುದ್ದಲಿ, ಕತ್ತರಿಗಳನ್ನು ಒರೆಸಿ ಅಗಸೆ ಎಣ್ಣೆ ಹಚ್ಚೋಣ. ಎಣ್ಣೆಯ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತವೆ. ಹೊರಗೆ ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು. ಮೊರ ನನ್ನ ಬಳಿ ಇದೆ, ಜರಡಿಯಿಲ್ಲ. ತೋಟಿಗರೇ, ನಿಮ್ಮದನ್ನು ಮರೆಯದೆ ತನ್ನಿ.